ಚಳಿಯೇ ಇಷ್ಟ

ಆ ಪುಟ್ಟ ಕಿಟಕಿಗೆ ಮಾತು ಬರೆದವನು ನಾನೇ.
ಎಂಟನೇ ಸೆಕೆಂಡಿಗೆ ಧುತ್ತೆಂದು ಏಳುವಂತೆ,
ಮಿಕ್ಕ ಪರದೆಗೆಲ್ಲ ಬೂದಿ ಬಳಿಯುವಂತೆ
ಕೂರಿಸಿದವನೂ ನಾನೇ.
ಕ್ಲಾಕ್ಸ್‌ವೀಕಿನ ಬಂದರಿನಲ್ಲಿ, ಮೀನು ಕಾರ್ಖಾನೆಯ ಗೋಡೆಗೆ
ಬೆನ್ನು ಕೊಟ್ಟು ನಿಂತ ರನ್ವಾ ಚಿಕ್ಕಮ್ಮನ ಉಣ್ಣೆಯಂಗಡಿಗೆ
ಚಳಿಗಾಲದಲ್ಲಿ ಗಿರಾಕಿ ಅಂದರೆ ಗಾಳಿ.
ಬಾಗಿಲು ತಳ್ಳುತ್ತದೆ, ಏನೂ ಕೊಳ್ಳುವುದಿಲ್ಲ.

"ಬಂದವರ ಇಮೇಲ್ ಹಿಡಿದಿಟ್ಟುಕೋ" ಅಂದೆ,
"ಆಮೇಲೆ ಯಾವಾಗ ಬೇಕಾದರೂ ಕರೆಯಬಹುದು."
ಚಿಕ್ಕಮ್ಮ ಹೆಣೆಯುತ್ತಿದ್ದಳು. ತಲೆಯೆತ್ತದೆ ಕೇಳಿದಳು:
"ಹೊಸ್ತಿಲಲ್ಲೇ ಅಡ್ಡ ನಿಂತು ಹೆಸರು ಕೇಳುವುದೇ?
ಅವರ ಕೈ ಬೆಚ್ಚಗಾಗುವ ಮೊದಲೇ?"
ಅವಳ ಪದ್ಧತಿ ಬೇರೆ. ಬಂದವರು
ಮೂರು ಬಗೆಯ ಉಣ್ಣೆ ಮುಟ್ಟಿ, ಒಂದನ್ನು ಮೂಸಿ ನೋಡುವವರೆಗೆ
ತುಟಿ ಬಿಚ್ಚುವುದಿಲ್ಲ.
ಆಮೇಲೆ ಒಂದೇ ಮಾತು: "ಯಾರಿಗೆ?"

ನಾನು ಬರೆದದ್ದು ಹೀಗೆ. ಮೇಲೆ ದಪ್ಪಕ್ಷರದಲ್ಲಿ
"ಹೋಗಬೇಡಿ! ಮೊದಲ ಉಂಡೆಗೆ ಹತ್ತು ಪರ್ಸೆಂಟ್ ಕಡಿತ."
ಕೆಳಗೆ ಹಸಿರು ಗುಂಡಿ: "ನನ್ನನ್ನೂ ಸೇರಿಸಿಕೊಳ್ಳಿ."
ಅದರಡಿ, ಇರುವೆ ಸಾಲಿನಷ್ಟು ಸಣ್ಣಗೆ, ಮಸುಕಾಗಿ:
"ಬೇಡ, ನನಗೆ ಚಳಿಯೇ ಇಷ್ಟ."
ಬರೆದು ನಕ್ಕಿದ್ದೆ. ಜಾಣತನ ಮಾಡಿದವನು
ಒಬ್ಬನೇ ಕೂತು ನಗುವ ನಗು.
ಮುಚ್ಚುವ ಗುರುತನ್ನು ಮೂಲೆಗೊತ್ತಿ
ಸಾಸಿವೆ ಕಾಳು ಮಾಡಿದ್ದೆ.

ಪಟ್ಟಿ ಬೆಳೆಯಿತು. ನಲವತ್ತೊಂದಿದ್ದದ್ದು
ಈಸ್ಟರ್ ಹೊತ್ತಿಗೆ ಒಂಬೈನೂರ ಆರು.
ಅದರಲ್ಲಿ 'ತೊಲಗು' ಅನ್ನುವ ವಿಳಾಸವೊಂದಿತ್ತು,
ಬರೀ 'ಆಆಆ' ಅನ್ನುವುದೊಂದಿತ್ತು,
ಒಬ್ಬಾಕೆ ಏಳು ಹೆಸರಲ್ಲಿ ಬಂದು
ಏಳು ಸಲ ಹತ್ತು ಪರ್ಸೆಂಟ್ ಒಯ್ದಿದ್ದಳು.
ಇರಲಿ, ಲೆಕ್ಕಕ್ಕೆ ಎಲ್ಲರೂ ತಲೆಗಳೇ.

ಬೇಡ ಅಂದವರಿಗೂ ಒಂದು ಕಾಲಂ ಇರುತ್ತದೆ.
ಯಾರು ನೋಡುತ್ತಾರೆ ಅದನ್ನು?
ನಿದ್ದೆ ಬಾರದ ಒಂದು ರಾತ್ರಿ ನೋಡಿದೆ.
ಯಾವುದೋ ಹಡಗಿನ ಉಪಗ್ರಹ ಕೊಂಡಿ, ಊರಿಲ್ಲ, ನೆಲವಿಲ್ಲ,
ಎರಡು ಗಂಟೆಯ ಆಸುಪಾಸು, ಹದಿಮೂರು ರಾತ್ರಿ:
ಚಳಿಯೇ ಇಷ್ಟ.
ಚಳಿಯೇ ಇಷ್ಟ.
ಚಳಿಯೇ ಇಷ್ಟ.

ಮೇ ತಿಂಗಳಲ್ಲಿ ಅವನೇ ಬಂದ. ಮೀನು ಇಳಿಸಲು ನಿಂತ
ಟ್ರಾಲರಿನ ಎಂಜಿನ್ ಕೋಣೆಯ ಸೋಲ್ಮುಂಡ.
ಟೋಪಿ ತೆಗೆದು ಬಾಗಿಲಲ್ಲೇ ಹೇಳಿದ:
"ನಿಮ್ಮ ಅಂಗಡಿಗೆ ಹದಿಮೂರು ಸಲ ಸುಳ್ಳು ಹೇಳಿದ್ದೇನೆ."

ಬ್ಯಾರೆಂಟ್ಸ್ ಸಮುದ್ರದಲ್ಲಿ ಇಂಟರ್ನೆಟ್ ತೊಟ್ಟಿಕ್ಕುತ್ತದೆ.
ಚಿತ್ರ ಗೆರೆಗೆರೆಯಾಗಿ ಇಳಿಯುತ್ತದೆ:
ಕೊರಳು, ಭುಜ, ನೀಲಿ ನಮೂನೆಯ ಮೊದಲ ಸಾಲು,
ಅಷ್ಟರಲ್ಲಿ ನನ್ನ ಕಿಟಕಿ.
ಗ್ರೀಸು ಹತ್ತಿದ ದಪ್ಪ ಬೆರಳಿಗೆ ಸಾಸಿವೆ ಸಿಗುವುದಿಲ್ಲ.
ಸಿಗುವುದು ಚಳಿ ಒಂದೇ. ಒತ್ತಿದರೆ
ಪುಟ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಪಾಳಿಯ ಕರೆ.

"ತೋಳು ನೋಡಬೇಕಿತ್ತು, ಅಷ್ಟೆ."
ಚೀಲದಿಂದ ಸ್ವೆಟರ್ ತೆಗೆದ. ಬಲತೋಳು ಇರಲಿಲ್ಲ,
ಬೆಲ್ಟಿಗೆ ಸಿಕ್ಕಿ ಹೋಗಿತ್ತು. "ಪುಣ್ಯಕ್ಕೆ ಬರೀ ಉಣ್ಣೆ ಹೋಯಿತು.
ಹೆಣೆದವಳು ಈಗ ಬೇರೆಯವರಿಗೆ ಹೆಣೆಯುತ್ತಾಳೆ."
ಚಿಕ್ಕಮ್ಮ ಮಾತಾಡಲಿಲ್ಲ.
ಅವನು ಮೂರು ಉಣ್ಣೆ ಮುಟ್ಟಿದ. ಒಂದನ್ನು ಮೂಸಿದ.
"ಯಾರಿಗೆ?"
"ನನಗೇ."

ಈಗ ಕಿಟಕಿ ಪುಟದ ಕಟ್ಟಕಡೆಯಲ್ಲಿ ಕೂತಿದೆ,
ಏಳುವುದಿಲ್ಲ. ಎರಡನೇ ಗುಂಡಿಯ ಮಾತು ಬದಲಿಸಿದೆ:
"ಆಗಲಿ, ನೋಡಿಕೊಂಡು ಹೋಗುತ್ತೇನೆ."
ಜೂನ್ ಇಡೀ ಹೊಸಬರು ಹನ್ನೊಂದೇ ಮಂದಿ.
ತಪ್ಪು ಮಾಡಿದೆನೋ ಏನೋ, ಅಂಗಡಿಯ ಬಾಡಿಗೆಗೆ
ಈ ಕಥೆ ಗೊತ್ತಿಲ್ಲ.

ಸಂಜೆ ಚಿಕ್ಕಮ್ಮ ಕೇಳುತ್ತಾಳೆ: "ಇವತ್ತು ಎಷ್ಟು?"
"ಇಬ್ಬರು."
"ಹೆಸರು ಹೇಳು."
ಬಗ್ಗಿ ಓದುತ್ತೇನೆ. ಒಂದೊಂದು ಹೆಸರಿಗೂ
ಕಡ್ಡಿ ಒಂದು ಗಳಿಗೆ ನಿಲ್ಲುತ್ತದೆ.

ಸೋಲ್ಮುಂಡನ ಇಮೇಲ್ ಕೇಳಲು ಮರೆತೆ.
ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ
ಪೆನ್ಸಿಲ್ಲಿನಲ್ಲಿದೆ ಅವನ ಬಲತೋಳಿನ ಅಳತೆ.